ತೋರಿಸಿದ ರೇಟಿಗೇ ರೂಮು ಕೊಡಿ

ದಸರೆಗೆ ಇನ್ನು ಹದಿನೈದು ದಿನ. ದಾವಣಗೆರೆಯ ಒಂದು ಮನೆಯಲ್ಲಿ ರಾತ್ರಿ ಊಟ ಮುಗಿಸಿ ಗಂಡ ಹೆಂಡತಿ ಮೊಬೈಲು ಹಿಡಿದು ಕೂತಿದ್ದಾರೆ ಎಂದಿಟ್ಟುಕೊಳ್ಳೋಣ. ಎಂಟು ವರ್ಷದ ಮಗಳು ಪಕ್ಕದಲ್ಲೇ ತೂಕಡಿಸುತ್ತಿದ್ದಾಳೆ. ಮೈಸೂರಿನ ಒಂದು ಲಾಡ್ಜಿನ ಚಿತ್ರದ ಕೆಳಗೆ 3,499ಕ್ಕೆ ಅಡ್ಡಗೆರೆ ಎಳೆದು, ಅದರ ಪಕ್ಕ ದಪ್ಪ ಅಕ್ಷರದಲ್ಲಿ 1,999 ರೂಪಾಯಿ ಎಂದಿದೆ. ಎರಡು ರಾತ್ರಿಗೆ 3,998. "ಪರವಾಗಿಲ್ಲ ಕಣೇ, ನಾಲ್ಕು ಸಾವಿರದೊಳಗೆ ಮುಗೀತು" ಅನ್ನುತ್ತಾನೆ ಗಂಡ. "ಬೇಗ ಒತ್ರೀ, ಒಂದೇ ರೂಮು ಉಳಿದಿದ್ಯಂತೆ" ಅನ್ನುತ್ತಾಳೆ ಹೆಂಡತಿ.

ಒತ್ತಿದ್ದಾಯಿತು. ಮುಂದಿನ ಪುಟದಲ್ಲಿ 'ತೆರಿಗೆ ಮತ್ತು ಶುಲ್ಕ' ಎಂಬ ಒಂದೇ ಸಾಲು: 494 ರೂಪಾಯಿ. ಅದರ ಕೆಳಗೆ ಒಂದು ಪುಟ್ಟ ಚೌಕ, ಅದರಲ್ಲಿ ಮೊದಲೇ ಬಿದ್ದಿರುವ ಟಿಕ್ಕು, ಪ್ರಯಾಣ ವಿಮೆಯ ಹೆಸರಿನಲ್ಲಿ 118. ಇನ್ನೂ ಕೆಳಗೆ ಹತ್ತು ರೂಪಾಯಿ ದಾನ. ಯಾರಿಗೆ ದಾನ ಎಂದು ಓದುವಷ್ಟರಲ್ಲಿ ಬೆರಳು ಮುಂದಕ್ಕೆ ಹೋಗಿರುತ್ತದೆ. ಒಟ್ಟು 4,620. ಇಷ್ಟು ದೂರ ಬಂದ ಮೇಲೆ ಆರುನೂರು ರೂಪಾಯಿಗಾಗಿ ಹಿಂದಕ್ಕೆ ಹೋಗಿ ಮತ್ತೆ ಹುಡುಕುವ ತಾಳ್ಮೆ ಯಾರಿಗಿದೆ? ದುಡ್ಡು ಹೋಗುತ್ತದೆ. ಹದಿನೈದು ದಿನ ಕಳೆದು ಬ್ಯಾಗು ಹೊತ್ತು ಲಾಡ್ಜಿನ ಕೌಂಟರಿನಲ್ಲಿ ನಿಂತಾಗ ಕೊನೆಯ ಕಂತು: "ಮಗೂಗೆ ಐದು ವರ್ಷ ದಾಟಿದೆಯಲ್ಲ ಸಾರ್, ಎಕ್ಸ್‌ಟ್ರಾ ಬೆಡ್ ಚಾರ್ಜ್ ಬರುತ್ತೆ. ದಿನಕ್ಕೆ ಆರುನೂರು." ಬುಕ್ ಮಾಡುವಾಗ ಮಗುವಿನ ವಯಸ್ಸನ್ನು ಆ್ಯಪ್ ಕೇಳಿತ್ತು, ಅದಕ್ಕೆ ದುಡ್ಡಾಗುತ್ತದೆ ಎಂದು ಮಾತ್ರ ಹೇಳಿರಲಿಲ್ಲ. ಅಲ್ಲಿಗೆ 5,820. ರಾತ್ರಿಗೆ 1,999ರ ರೂಮು 2,910ಕ್ಕೆ ಬಂದು ನಿಂತಿತು.

ಅಂಕಿಗಳು ಲೆಕ್ಕ ತೋರಿಸಲು ಹಾಕಿಕೊಂಡವು. ಕ್ರಮ ಮಾತ್ರ ಹೋಟೆಲ್ ಬುಕ್ ಮಾಡಿದವರಿಗೆಲ್ಲ ಗೊತ್ತಿರುವುದೇ. ಇದಕ್ಕೆ ವ್ಯಾಪಾರದ ಭಾಷೆಯಲ್ಲಿ ಡ್ರಿಪ್ ಪ್ರೈಸಿಂಗ್ ಎಂಬ ಹೆಸರಿದೆ. ಅಡಿಕೆ ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ: ಒಮ್ಮೆಲೇ ಸುರಿದರೆ ಕಣ್ಣಿಗೆ ಬೀಳುತ್ತದೆ, ಹನಿಹನಿಯಾಗಿ ಬಿಟ್ಟರೆ ಗೊತ್ತೇ ಆಗುವುದಿಲ್ಲ.

ಈ ಕರಪತ್ರದ ಬೇಡಿಕೆ ಒಂದೇ. ಹುಡುಕಿದಾಗ ಮೊದಲ ಪುಟದಲ್ಲಿ ಕಾಣುವ ಬೆಲೆಯೇ ಕೌಂಟರಿನಲ್ಲಿ ಬೀಗದ ಕೈ ಪಡೆಯುವಾಗಲೂ ಇರಬೇಕು. ತೆರಿಗೆ, ಆ್ಯಪ್‌ನವರ ಕನ್ವೀನಿಯನ್ಸ್ ಫೀ, ಮಗುವಿನ ಹಾಸಿಗೆ, ಏನೇನು ಕಡ್ಡಾಯವೋ ಅದೆಲ್ಲ ಆ ಮೊದಲ ಅಂಕಿಯೊಳಗೇ ಬರಬೇಕು.

ಆರುನೂರು ರೂಪಾಯಿಗೆ ಇಷ್ಟೊಂದು ಗಲಾಟೆಯೇ ಎಂದು ಕೇಳುವವರಿದ್ದಾರೆ. ನಷ್ಟ ಗಿರಾಕಿಯದೊಂದೇ ಅಲ್ಲ. ಪಕ್ಕದ ರಸ್ತೆಯ ಇನ್ನೊಬ್ಬ ಲಾಡ್ಜಿನವನು ಎಲ್ಲವನ್ನೂ ಸೇರಿಸಿ 2,400 ಎಂದು ಪ್ರಾಮಾಣಿಕವಾಗಿ ಹಾಕಿದ್ದಾನೆ ಅನ್ನಿ. 'ಕಡಿಮೆ ಬೆಲೆ ಮೊದಲು' ಎಂದು ಜೋಡಿಸಿದ ಕೂಡಲೇ 1,999ರವನು ಮೇಲೆ, 2,400ರವನು ಮೂರನೇ ಪುಟದ ತಳದಲ್ಲಿ. ನಿಜ ಹೇಳಿದವನಿಗೆ ಗಿರಾಕಿ ಇಲ್ಲ. ಮುಂದಿನ ವರ್ಷ ಅವನೂ 1,899 ಎಂದು ಹಾಕಿ ಉಳಿದದ್ದನ್ನು ಕೌಂಟರಿನಲ್ಲಿ ವಸೂಲಿ ಮಾಡುವುದನ್ನು ಕಲಿಯುತ್ತಾನೆ. ಒಬ್ಬರ ಹಿಂದೊಬ್ಬರು ಹೀಗೆ ಕಲಿತ ಮೇಲೆ ಬೆಲೆ ಹೋಲಿಸಿ ನೋಡುವ ಸೌಲಭ್ಯಕ್ಕೆ ಅರ್ಥವೇ ಉಳಿಯುವುದಿಲ್ಲ. ಈ ವೆಬ್‌ಸೈಟುಗಳು ಹುಟ್ಟಿದ್ದೇ ಹೋಲಿಸಿ ತೋರಿಸುತ್ತೇವೆ ಎಂಬ ಮಾತಿನ ಮೇಲೆ!

ಕಾನೂನು ಇಲ್ಲವೆಂದಲ್ಲ. 2020ರ ಜುಲೈನಲ್ಲಿ ಬಂದ ಇ-ಕಾಮರ್ಸ್ ನಿಯಮಗಳು, ಸೇವೆಯ ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸಿ, ಕಡ್ಡಾಯದ್ದು ಯಾವುದು, ಇಷ್ಟವಿದ್ದರೆ ಮಾತ್ರ ಕೊಡುವುದು ಯಾವುದು ಎಂದು ಒಡೆದು ಹೇಳಬೇಕು ಅನ್ನುತ್ತವೆ. ಮೊದಲೇ ಟಿಕ್ ಹಾಕಿಟ್ಟು ಗಿರಾಕಿಯ ಒಪ್ಪಿಗೆ ಎಂದು ಬರೆದುಕೊಳ್ಳುವುದನ್ನೂ ಅವು ನಿಷೇಧಿಸಿವೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಡಾರ್ಕ್ ಪ್ಯಾಟರ್ನ್ ಎಂದು ಕರೆಯುವ 13 ಬಗೆಯ ಕಣ್ಕಟ್ಟುಗಳನ್ನು ಹೆಸರಿಸಿ ನಿಷೇಧಿಸಿತು. ಡ್ರಿಪ್ ಪ್ರೈಸಿಂಗ್ ಆ ಪಟ್ಟಿಯಲ್ಲಿದೆ. ಕೇಳದೆಯೇ ಬುಟ್ಟಿಗೆ ವಿಮೆ, ದಾನ ಸೇರಿಸುವುದೂ ಇದೆ. ಸುಳ್ಳು ಅವಸರ ಹುಟ್ಟಿಸುವುದಕ್ಕೆ ಪ್ರಾಧಿಕಾರ ಕೊಟ್ಟಿರುವ ಉದಾಹರಣೆಯಂತೂ ಹೋಟೆಲಿನದೇ: ಎರಡೇ ರೂಮು ಉಳಿದಿವೆ, ಇನ್ನೂ ಮೂವತ್ತು ಜನ ಇದನ್ನೇ ನೋಡುತ್ತಿದ್ದಾರೆ ಎಂಬ ಬರಹ. ದಾವಣಗೆರೆಯ ಆ ಹೆಂಡತಿಯನ್ನು ಅವಸರಪಡಿಸಿದ್ದು ಇಂಥದ್ದೇ ಸಾಲು. 'ಒಂದೇ ರೂಮು' ಅನ್ನುವುದಕ್ಕೆ ಎಷ್ಟೋ ಸಲ ಆ ವೆಬ್‌ಸೈಟಿಗೆ ಹಂಚಿಕೊಟ್ಟ ರೂಮುಗಳಲ್ಲಿ ಒಂದು ಎಂದಷ್ಟೇ ಅರ್ಥ. ಲಾಡ್ಜಿನಲ್ಲಿ ಹತ್ತು ಖಾಲಿ ಇದ್ದರೂ ಇರಬಹುದು.

ಹಾಗಾದರೆ ತೂತು ಎಲ್ಲಿದೆ? ಒಟ್ಟು ಬೆಲೆ ತೋರಿಸಿ ಎಂದ ನಿಯಮ ಯಾವ ಪುಟದಲ್ಲಿ ಎಂದು ಬಿಡಿಸಿ ಹೇಳುವುದಿಲ್ಲ. ಡ್ರಿಪ್ ಪ್ರೈಸಿಂಗ್‌ಗೆ ಪ್ರಾಧಿಕಾರ ಕೊಟ್ಟ ವಿಮಾನ ಟಿಕೆಟಿನ ಉದಾಹರಣೆಯೂ ಚೆಕ್‌ಔಟ್ ಪುಟದಲ್ಲಿ ಒಂದು ಬೆಲೆ, ದುಡ್ಡು ಕಟ್ಟುವಾಗ ಇನ್ನೊಂದು ಎಂಬುದರ ಬಗ್ಗೆ. ಮೊದಲ ಪುಟಕ್ಕೂ ಚೆಕ್‌ಔಟಿಗೂ ನಡುವಿನ ಅಂತರದಲ್ಲೇ ಹನಿಗಳೆಲ್ಲ ಬೀಳುವುದು. ಸಾಲದೆಂಬಂತೆ, ಮಾರಾಟಗಾರ ಬೆಲೆ ಬದಲಿಸಿದರೆ ಅದಕ್ಕೆ ನಡುವಿನ ವೆಬ್‌ಸೈಟು ಹೊಣೆಯಲ್ಲ ಎಂಬ ವಿವರಣೆಯೂ ಅಲ್ಲೇ ಇದೆ. ಕೌಂಟರಿನಲ್ಲಿ ದಿನಕ್ಕೆ ಆರುನೂರು ಕೇಳಿದಾಗ ಆ್ಯಪ್‌ನವರು ಲಾಡ್ಜಿನತ್ತ ಕೈ ತೋರಿಸುತ್ತಾರೆ, ಲಾಡ್ಜಿನವರು ಆ್ಯಪ್‌ನತ್ತ. ನಡುವೆ ನಿಂತವನಿಗೆ ಅತ್ತ ದರಿ, ಇತ್ತ ಪುಲಿ.

ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿಯವರೇ ಈಗ ಕೇಂದ್ರದ ಗ್ರಾಹಕ ವ್ಯವಹಾರಗಳ ಸಚಿವರು. 2025ರ ಮೇ ಕೊನೆಯಲ್ಲಿ ಅವರು ದೊಡ್ಡ ಆನ್‌ಲೈನ್ ಕಂಪನಿಗಳನ್ನು ಕರೆಸಿ ಮಾತಾಡಿದರು. ಜೂನ್‌ನಲ್ಲಿ ಪ್ರಾಧಿಕಾರವು, ಮೂರು ತಿಂಗಳೊಳಗೆ ನಿಮ್ಮ ನಿಮ್ಮ ವೆಬ್‌ಸೈಟುಗಳನ್ನು ನೀವೇ ತಪಾಸಣೆ ಮಾಡಿಕೊಳ್ಳಿ ಎಂದು ಸಲಹೆ ಕಳಿಸಿತು. ಪರೀಕ್ಷೆ ಬರೆದವರಿಗೇ ಉತ್ತರಪತ್ರಿಕೆ ತಿದ್ದಲು ಕೊಟ್ಟರೆ ನಪಾಸಾಗುವವರು ಯಾರು?

ಸಲಹೆಗೆ ಜಗ್ಗದವರನ್ನು ದಂಡ ಜಗ್ಗಿಸುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾ ನೋಡಬೇಕು. ಹೋಟೆಲ್ ಬೆಲೆ ಹೋಲಿಸುವ ಟ್ರಿವಾಗೋ ತಾನು ಅಗ್ಗದ ದರವನ್ನೇ ಹುಡುಕಿಕೊಡುತ್ತೇನೆ ಎಂದು ಟಿವಿಯಲ್ಲಿ ಜಾಹೀರಾತು ಹಾಕುತ್ತಿತ್ತು. ಅಲ್ಲಿನ ಗ್ರಾಹಕ ಆಯೋಗ ಕೋರ್ಟಿಗೆಳೆದಾಗ ಒಳಗಿನ ಸಂಗತಿ ಹೊರಬಿತ್ತು: ಶೇ. 66.8ರಷ್ಟು ಪಟ್ಟಿಗಳಲ್ಲಿ ಎದ್ದು ಕಾಣುವಂತೆ ಮೇಲೆ ಇಟ್ಟ ದರಕ್ಕಿಂತ ಕಡಿಮೆ ದರ ಬೇರೆಲ್ಲೋ ಇತ್ತು. ಯಾರು ಹೆಚ್ಚು ಕೊಡುತ್ತಾರೋ ಅವರಿಗೆ ಮೇಲಿನ ಜಾಗದಲ್ಲಿ ಆದ್ಯತೆ ಸಿಗುತ್ತಿತ್ತು. ಅಡ್ಡಗೆರೆ ಎಳೆದ 'ಹಳೆಯ ಬೆಲೆ'ಯಾದರೂ ಅದೇ ರೂಮಿನದೇ? ಕೆಲವು ಕಡೆ ಸಾಧಾರಣ ರೂಮಿನ ಪಕ್ಕದಲ್ಲಿ ಐಷಾರಾಮಿ ರೂಮಿನ ಬೆಲೆ ಬರೆದು ಗೆರೆ ಎಳೆದಿದ್ದರು. 2022ರ ಏಪ್ರಿಲ್‌ನಲ್ಲಿ ಬಿದ್ದ ದಂಡ 4.47 ಕೋಟಿ ಆಸ್ಟ್ರೇಲಿಯನ್ ಡಾಲರ್.

ಅಮೆರಿಕದಲ್ಲಿ 'ರಿಸಾರ್ಟ್ ಫೀ' ಎಂಬ ಪಿಡುಗು ಇದೆ. ಈಜುಕೊಳಕ್ಕೆ ಇಳಿಯದಿದ್ದರೂ, ವೈಫೈ ಮುಟ್ಟದಿದ್ದರೂ ದಿನಕ್ಕಿಷ್ಟು ಎಂದು ಕಟ್ಟಲೇಬೇಕು. 2025ರ ಮೇ 12ರಿಂದ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ನಿಯಮದಂತೆ ಹೋಟೆಲ್ ರೂಮಿನ ಬೆಲೆ ಹೇಳುವವರು, ಸರ್ಕಾರಿ ತೆರಿಗೆಯೊಂದನ್ನು ಬಿಟ್ಟು, ಕಡ್ಡಾಯದ ಪ್ರತಿಯೊಂದು ಶುಲ್ಕವನ್ನೂ ಸೇರಿಸಿಯೇ ಹೇಳಬೇಕು. ಬ್ರಿಟನ್ ಅದಕ್ಕೂ ಒಂದು ತಿಂಗಳು ಮೊದಲೇ ಡ್ರಿಪ್ ಪ್ರೈಸಿಂಗ್ ನಿಷೇಧಿಸಿತ್ತು. ಒಟ್ಟು ಬೆಲೆ ಮೊದಲ ಪುಟದಲ್ಲೇ ತೋರಿಸುವುದು ತಾಂತ್ರಿಕವಾಗಿ ಕಷ್ಟ ಎಂದು ಇನ್ನು ಯಾರೂ ಹೇಳುವಂತಿಲ್ಲ. ಆ ದೇಶಗಳಲ್ಲಿ ತೋರಿಸಲು ಬರುವ ಕಂಪನಿಗೆ ಬೆಂಗಳೂರಿನಲ್ಲಿ ಬರದೇ?

ಇಲ್ಲಿ ತೆರಿಗೆಯನ್ನೂ ಸೇರಿಸಿ ತೋರಿಸುವುದು ಸುಲಭ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ. 5, ಅದಕ್ಕೆ ಮೇಲ್ಪಟ್ಟರೆ ಶೇ. 18. ದೇಶಕ್ಕೆಲ್ಲ ಒಂದೇ ದರ. ಈ ಎರಡು ಅಂಕಿ ನೆನಪಿದ್ದರೆ 'ತೆರಿಗೆ ಮತ್ತು ಶುಲ್ಕ' ಎಂಬ ಸಾಲಿನ ಹೊಟ್ಟೆ ಬಗೆದು ನೋಡಬಹುದು. ದಾವಣಗೆರೆಯ ಬಿಲ್ಲಿನಲ್ಲಿ 3,998ಕ್ಕೆ ಶೇ. 5 ಎಂದರೆ 200 ರೂಪಾಯಿ. ಸಾಲಿನಲ್ಲಿದ್ದದ್ದು 494. ಉಳಿದ 294 ಆ್ಯಪ್‌ನ ಕನ್ವೀನಿಯನ್ಸ್ ಫೀ ಮತ್ತು ಆ ಫೀ ಮೇಲಿನ ಶೇ. 18 ಜಿಎಸ್‌ಟಿ. ಸರ್ಕಾರದ ಹೆಸರಿನ ಮರೆಯಲ್ಲಿ ಕಂಪನಿಯ ಕೂಲಿ. ಕೂಪನ್ ಹಾಕುವ ಮುಂಚಿನ ಬೆಲೆಯ ಮೇಲೆ ತೆರಿಗೆ ಲೆಕ್ಕ ಹಾಕುವುದೂ ಉಂಟಾದ್ದರಿಂದ ಹತ್ತಿಪ್ಪತ್ತು ರೂಪಾಯಿ ಆಚೀಚೆ ಆಗಬಹುದು, ಒಂದಕ್ಕೆರಡಾಗುವುದಿಲ್ಲ. ರೂಮು ರದ್ದು ಮಾಡಿದಾಗ ಬಾಡಿಗೆ ವಾಪಸು ಬಂದರೂ ಈ ಫೀ ಬಹುಮಟ್ಟಿಗೆ ಬರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಯಾರಿಗೆ ಯಾವ ಅನುಕೂಲವಾಗಿ ಅದಕ್ಕೆ ಆ ಹೆಸರು ಬಂತೋ!

ಲಾಡ್ಜಿನ ಮಾಲೀಕರೆಲ್ಲ ಈ ಆಟದ ಪಾಲುದಾರರು ಎಂದುಕೊಳ್ಳುವುದು ತಪ್ಪು. ಬುಕ್ಕಿಂಗ್ ತಂದುಕೊಟ್ಟದ್ದಕ್ಕೆ ವೆಬ್‌ಸೈಟು ಹೋಟೆಲಿನಿಂದಲೂ ಕಮಿಷನ್ ಮುರಿದುಕೊಳ್ಳುತ್ತದೆ. ನೂರಕ್ಕೆ ಹದಿನೈದಕ್ಕಿಂತ ಕಡಿಮೆ ಇರುವುದು ಅಪರೂಪ. ಎರಡೂ ಕಡೆಯಿಂದ ದುಡ್ಡು. ಹಾಗಿದ್ದರೆ ಹೋಟೆಲಿನವರು ತಮ್ಮಲ್ಲಿಗೆ ನೇರ ಬಂದವರಿಗೆ ಕಡಿಮೆಗೆ ಕೊಡಬಹುದಿತ್ತಲ್ಲ? ಅದಕ್ಕೂ ಬೇಲಿ ಹಾಕಲಾಗಿತ್ತು. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೋಗೆ 223.48 ಕೋಟಿ, ಓಯೋಗೆ 168.88 ಕೋಟಿ ರೂಪಾಯಿ ದಂಡ ಹಾಕಿದ ಪ್ರಕರಣದಲ್ಲಿ ಮುಖ್ಯವಾಗಿದ್ದ ಒಂದು ವಿಷಯ ಇದು: ನಮ್ಮಲ್ಲಿರುವುದಕ್ಕಿಂತ ಕಡಿಮೆ ದರವನ್ನು ಬೇರೆಡೆ ಕೊಡಕೂಡದು ಎಂದು ಮೇಕ್‌ಮೈಟ್ರಿಪ್-ಗೋಐಬಿಬೋ ಹೋಟೆಲುಗಳ ಜತೆ ಮಾಡಿಕೊಂಡಿದ್ದ ಒಪ್ಪಂದದ ಷರತ್ತು. ಅದನ್ನು ತೆಗೆಯಿರಿ ಎಂದು ಆಯೋಗ ಆದೇಶಿಸಿತು. ಕಂಪನಿಗಳು ಮೇಲ್ಮನವಿಗೆ ಹೋದವು.

ಆದ್ದರಿಂದ ಆ್ಯಪ್‌ನಲ್ಲಿ ಹುಡುಕಿ, ಫೋನಿನಲ್ಲಿ ಬುಕ್ ಮಾಡುವ ಹಳೆಯ ಪದ್ಧತಿಗೆ ಮರ್ಯಾದೆ ಮತ್ತೆ ಬರಬೇಕಿದೆ. ಹೊಸಪೇಟೆಯ ಲಾಡ್ಜಿಗೆ ಫೋನು ಮಾಡಿ, "ಸಾರ್, ಆ್ಯಪ್‌ನಲ್ಲಿ ನಿಮ್ಮ ಡಬಲ್ ರೂಮು ಎಲ್ಲಾ ಸೇರಿ 2,450 ಆಗ್ತಿದೆ, ನೇರ ಬಂದ್ರೆ ಎಷ್ಟು?" ಎಂದು ಕೇಳುವುದಕ್ಕೆ ಎರಡು ನಿಮಿಷ ಸಾಕು. "ಟ್ಯಾಕ್ಸ್ ಸೇರಿಸಿ 2,100 ಕೊಡಿ, ಬೆಳಗ್ಗೆ ಟಿಫಿನ್ನೂ ಕೊಡ್ತೀವಿ" ಎಂಬ ಉತ್ತರ ಬರಬಹುದು. ಬಾರದಿದ್ದರೂ ಮಗುವಿನ ಹಾಸಿಗೆ, ಪಾರ್ಕಿಂಗು, ಹೋಂಸ್ಟೇ ಆದರೆ ಕ್ಯಾಂಪ್‌ಫೈರಿನ ಸೌದೆಗೆ ಬೇರೆ ದುಡ್ಡೇ ಎಂಬುದನ್ನು ಮಾಲೀಕರ ಬಾಯಿಂದಲೇ ಕೇಳಿದಂತಾಯಿತು. ಒಪ್ಪಿದ್ದನ್ನು ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಬರೆಸಿಕೊಂಡರೆ ಕೌಂಟರಿನಲ್ಲಿ ವಾದ ಮಾಡಬೇಕಿಲ್ಲ. ಒಂದು ಎಚ್ಚರ ಮಾತ್ರ ಬೇಕು. ಗೂಗಲ್‌ನಲ್ಲಿ ಹೋಟೆಲುಗಳ, ಯಾತ್ರಾಸ್ಥಳದ ವಸತಿಗೃಹಗಳ ಹೆಸರಿನಲ್ಲಿ ನಕಲಿ ನಂಬರುಗಳು, ನಕಲಿ ವೆಬ್‌ಸೈಟುಗಳು ಓಡಾಡುತ್ತಿವೆ. ಪೂರ್ತಿ ಹಣ ಮುಂಗಡ ಕೇಳುವವರಿಗೆ ಯುಪಿಐ ಮಾಡಬಾರದು. ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲುಗಳಿರುವ ಊರಿಗೆ ಹೋಗುವವರು, ಉದಾಹರಣೆಗೆ ಹಂಪಿಯ ಪಕ್ಕದ ಕಮಲಾಪುರದ ಮಯೂರ ಭುವನೇಶ್ವರಿಗೆ, ನಿಗಮದಲ್ಲೇ ನೇರ ಕಾದಿರಿಸಬಹುದು.

ಎಲ್ಲ ಹೆಚ್ಚುವರಿಯೂ ಮೋಸವಲ್ಲ ಎಂಬುದನ್ನೂ ಹೇಳಬೇಕು. ದುಬೈಗೆ ಮಗಳ ಮನೆ ನೋಡಲು ಹೋಗಿ ಹೋಟೆಲಿನಲ್ಲಿ ಉಳಿದವರಿಗೆ ಕೌಂಟರಿನಲ್ಲಿ 'ಟೂರಿಸಂ ದಿರ್ಹಂ' ಎಂದು ಕೇಳುತ್ತಾರೆ. ಅದು ಅಲ್ಲಿನ ಸರ್ಕಾರದ ತೆರಿಗೆ, ಹೋಟೆಲಿನ ದರ್ಜೆ ನೋಡಿ ರೂಮಿಗೆ ರಾತ್ರಿಗೆ 7ರಿಂದ 20 ದಿರ್ಹಂ. ಕೊಡಬೇಕಾದದ್ದೇ. ಆದರೆ ಬುಕ್ ಮಾಡುವಾಗಲೇ ಹೇಳಿದ್ದರೆ ಹೊಸ ನಾಡಿನ ಕೌಂಟರಿನಲ್ಲಿ ಮುಖ ಮುಖ ನೋಡುತ್ತ ನಿಲ್ಲಬೇಕಾಗಿರಲಿಲ್ಲ. ನಮ್ಮಲ್ಲಿ ಹೋಟೆಲಿನ ಊಟದ ಬಿಲ್ಲಿಗೆ ತಾನಾಗಿ ಸೇರುವ ಸರ್ವೀಸ್ ಚಾರ್ಜ್ ಮಾತ್ರ ಕೊಡಬೇಕಾದದ್ದಲ್ಲ. ಅದನ್ನು ಬಲವಂತವಾಗಿ ಹಾಕಕೂಡದು ಎಂದು ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ.

ಮೋಸಹೋದವರು ಸುಮ್ಮನಿರುವುದೇ ಈ ವ್ಯಾಪಾರದ ಬಂಡವಾಳ. ಆರುನೂರು ರೂಪಾಯಿಗೆ ಯಾರು ದೂರು ಕೊಡುತ್ತಾರೆ ಎಂಬ ಲೆಕ್ಕ ಅವರದು. ದೂರು ಕೊಡುವುದು ಮೊದಲಿನಷ್ಟು ಕಷ್ಟವಲ್ಲ. ವೆಬ್‌ಸೈಟಿನ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತೆಂದು ಹೇಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಅರ್ಜಿ ಶುಲ್ಕವಿಲ್ಲ. 2019ರ ಕಾಯ್ದೆ ಬಂದ ಮೇಲೆ ಕಂಪನಿಯ ಕಚೇರಿ ಇರುವ ಊರಿಗೆ ಅಲೆಯಬೇಕಾಗಿಯೂ ಇಲ್ಲ. ದಾವಣಗೆರೆಯವರು ದಾವಣಗೆರೆಯಲ್ಲೇ ದೂರು ಹಾಕಬಹುದು.

ಇವೆಲ್ಲಕ್ಕೂ ಬೇಕಾಗುವುದು ಮೂರು ಸ್ಕ್ರೀನ್‌ಶಾಟು: 1,999 ಎಂದ ಮೊದಲ ಪುಟದ್ದು, ಟಿಕ್ಕು ಮೊದಲೇ ಬಿದ್ದಿದ್ದ ಪುಟದ್ದು, ದುಡ್ಡು ಕಟ್ಟಿದ ಪುಟದ್ದು. ಜತೆಗೆ ಕೌಂಟರಿನಲ್ಲಿ ಕೊಟ್ಟ ಸಾವಿರದ ಇನ್ನೂರಕ್ಕೆ ರಸೀದಿ. ರಸೀದಿ ಕೊಡಿ ಎಂದ ಕೂಡಲೇ ಎಕ್ಸ್‌ಟ್ರಾ ಬೆಡ್ಡಿನ ಚಾರ್ಜು "ಇರಲಿ ಬಿಡಿ ಸಾರ್" ಆಗಿಬಿಡುವುದೂ ಉಂಟು.