ಗಾಳಿ ಸೋಸುವ ಯಂತ್ರದ ಜಮಾ-ಖರ್ಚು

ಗಾಳಿಯನ್ನು ಸೋಸಿ, ಅದರಲ್ಲಿರುವ ಇಂಗಾಲಾಮ್ಲವನ್ನು ಹಿಡಿದು ನೆಲದಡಿಯಲ್ಲಿ ಹೂಳುವ ಯಂತ್ರಗಳು ಬಂದಿವೆ. ಇಂಗಾಲಾಮ್ಲವೆಂದರೆ ಕಾರ್ಬನ್ ಡೈ ಆಕ್ಸೈಡ್. ಕಲ್ಲಿದ್ದಲು, ಎಣ್ಣೆ ಉರಿದಾಗ ಹುಟ್ಟುವ ಅನಿಲ ಇದು. ಭೂಮಿಯ ತಾಪವನ್ನು ಏರಿಸುತ್ತಿರುವುದೂ ಮುಖ್ಯವಾಗಿ ಇದೇ. ಇನ್ನು ಹೊಗೆಯ ಚಿಂತೆ ಬೇಡ, ಯಂತ್ರ ನೋಡಿಕೊಳ್ಳುತ್ತದೆ ಎಂಬ ಸಮಾಧಾನದ ಮಾತು ಎಣ್ಣೆ ಧಣಿಗಳಿಂದ ಕೇಳಿಬರುತ್ತಿದೆ. ಅದನ್ನು ನಂಬುವ ಮುನ್ನ ದುಡಿಯುವ ಜನ ಲೆಕ್ಕ ನೋಡುವುದೊಳ್ಳೆಯದು.

ವಿಜ್ಞಾನದ ಸಾಧನೆಯನ್ನು ಅಲ್ಲಗಳೆಯುವವರು ನಾವಲ್ಲ. ಐಸ್‌ಲೆಂಡಿನ ಹೆಟ್ಲಿಸ್‌ಹೇದಿ ಎಂಬಲ್ಲಿ ದೊಡ್ಡ ಫ್ಯಾನುಗಳು ಗಾಳಿಯನ್ನು ಒಳಗೆಳೆಯುತ್ತವೆ. ಗಾಳಿಯ ಹತ್ತು ಸಾವಿರ ಪಾಲಿನಲ್ಲಿ ಇಂಗಾಲಾಮ್ಲ ನಾಲ್ಕು ಪಾಲು ಚಿಲ್ಲರೆ ಮಾತ್ರ. ಅಷ್ಟನ್ನು ಜಾಲರಿ ಹಿಡಿದಿಟ್ಟುಕೊಂಡು, ಸುಮಾರು 100 ಡಿಗ್ರಿಗೆ ಕಾಯಿಸಿದಾಗ ಬಿಟ್ಟುಕೊಡುತ್ತದೆ. ಅದನ್ನು ನೀರಿನಲ್ಲಿ ಬೆರೆಸಿ ಆಳದ ಕರಿಕಲ್ಲಿಗೆ ಇಳಿಸುತ್ತಾರೆ. ನಮ್ಮ ವಿಜಯಪುರದ ನೆಲದಡಿ ಇರುವ ಬಸಾಲ್ಟ್ ಜಾತಿಯದೇ ಆ ಕಲ್ಲು. ಅಲ್ಲಿ 2012ರ ಪ್ರಯೋಗದಲ್ಲಿ ಇಳಿಸಿದ ಅನಿಲದಲ್ಲಿ ನೂರಕ್ಕೆ 95 ಪಾಲಿಗೂ ಹೆಚ್ಚು ಎರಡು ವರ್ಷದೊಳಗೆ ಕಲ್ಲಾಗಿಬಿಟ್ಟಿತೆಂದು 2016ರಲ್ಲಿ ಪ್ರಕಟವಾಯಿತು. ಇದು ಮೆಚ್ಚತಕ್ಕ ಕೆಲಸ.

ಇನ್ನು ಲೆಕ್ಕ. ಅಲ್ಲಿ 2024ರಲ್ಲಿ ತೆರೆದ ‘ಮ್ಯಾಮತ್’ ಸ್ಥಾವರ ಪೂರ್ಣ ಶಕ್ತಿಯಿಂದ ನಡೆದರೆ ವರ್ಷಕ್ಕೆ ಹಿಡಿಯುವುದು 36,000 ಟನ್. ಜಗತ್ತು ಕಲ್ಲಿದ್ದಲು, ಎಣ್ಣೆ, ಅನಿಲ ಉರಿಸಿ ವರ್ಷಕ್ಕೆ ಉಗುಳುವುದು 3,700 ಕೋಟಿ ಟನ್ನಿಗೂ ಹೆಚ್ಚು. ಯಂತ್ರದ ಇಡೀ ವರ್ಷದ ದುಡಿಮೆ ಜಗತ್ತಿನ ಅರ್ಧ ನಿಮಿಷದ ಹೊಗೆಗೆ ಸಮ. ಹತ್ತು ಲಕ್ಷ ಸಾಲ ಎತ್ತಿದವನು ಒಂದು ರೂಪಾಯಿ ಜಮಾ ಮಾಡಿ, ಇನ್ನೂ ಹತ್ತು ಲಕ್ಷ ಕೊಡಿ ಎಂದರೆ ಯಾವ ವರ್ತಕ ಒಪ್ಪಿಯಾನು?

ಅಮೆರಿಕದಲ್ಲಿ ಆ ಮಾತನ್ನೇ ಒಪ್ಪಿಸಲಾಗುತ್ತಿದೆ. ಆಕ್ಸಿಡೆಂಟಲ್ ಎಂಬ ಎಣ್ಣೆ ಕಂಪನಿ, ಈ ವಿದ್ಯೆ ಬಲ್ಲ ಕೆನಡಾದ ಕಂಪನಿಯೊಂದನ್ನು 2023ರಲ್ಲಿ 110 ಕೋಟಿ ಡಾಲರಿಗೆ ಕೊಂಡಿತು. ವರ್ಷಕ್ಕೆ 5 ಲಕ್ಷ ಟನ್ ಹಿಡಿಯಲೆಂದು ಟೆಕ್ಸಾಸಿನಲ್ಲಿ ಸ್ಥಾವರ ಹೂಡಿತು. ಇದರಿಂದ ಎಣ್ಣೆ ಉದ್ಯಮ ಇನ್ನು ಅರವತ್ತು-ಎಂಬತ್ತು ವರ್ಷ ನಡೆಯಲು ಪರವಾನಗಿ ಸಿಕ್ಕಂತಾಯಿತೆಂದು ಅದರ ಮುಖ್ಯಸ್ಥರೇ ಅದೇ ವರ್ಷ ಬಾಯಿಬಿಟ್ಟು ಹೇಳಿದರು. ಖರ್ಚಿಗೆ ಸರ್ಕಾರದ ಬೊಕ್ಕಸವಿದೆ: ಹೂಳಿದ ಪ್ರತಿ ಟನ್ನಿಗೆ 180 ಡಾಲರಿನವರೆಗೆ ತೆರಿಗೆ ರಿಯಾಯಿತಿಯನ್ನು 2022ರ ಕಾನೂನು ಕೊಟ್ಟಿತು. 2025ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ಹಿಡಿದ ಅನಿಲವನ್ನು ಹಳೆಯ ಬಾವಿಗೆ ನುಗ್ಗಿಸಿ ಉಳಿದ ಎಣ್ಣೆಯನ್ನು ಮೇಲೆತ್ತಿದರೂ ಅದೇ ದರ! ಹೊಗೆ ಅಡಗಿಸಲು ಕೊಟ್ಟ ಜನರ ಹಣ ಹೊಸ ಹೊಗೆಗೆ ಬಂಡವಾಳವಾಗುವ ವ್ಯವಸ್ಥೆ ಇದು.

ಯಂತ್ರವೇ ಬೇಡವೆಂದು ನಾವು ಹೇಳುವುದಿಲ್ಲ. ಪೂರ್ತಿ ನಿಲ್ಲಿಸಲಾಗದ ಹೊಗೆಯನ್ನು ಸರಿದೂಗಿಸಲು ಇಂಗಾಲಾಮ್ಲವನ್ನು ಗಾಳಿಯಿಂದ ತೆಗೆಯುವುದು ಅನಿವಾರ್ಯವೆಂದು ವಿಶ್ವಸಂಸ್ಥೆಯ ಹವಾಮಾನ ಮಂಡಲಿ 2022ರಲ್ಲಿ ತಿಳಿಸಿದೆ. ಆದರೆ ಸೋರುವ ಮಾಡಿನ ಕೆಳಗೆ ಬೋಗುಣಿ ಇಟ್ಟ ಮಾತ್ರಕ್ಕೆ ಹೆಂಚು ಹೊದಿಸುವ ಕೆಲಸ ತಪ್ಪುವುದಿಲ್ಲ.

ಏರಿದ ತಾಪ ಮೊದಲು ತಟ್ಟುವುದು ತಗಡಿನ ಮಾಡಿನಡಿ ಮಗ್ಗದ ಮುಂದೆ ನಿಂತವನಿಗೆ, ಬೀದಿಬದಿಯಲ್ಲಿ ಅಂಗಡಿ ಹೂಡಿದವಳಿಗೆ. ಆದ್ದರಿಂದ ಈ ಲೆಕ್ಕ ಕೇಳುವ ಹಕ್ಕು ಅವರಿಗಿದೆ. ಹೊಗೆ ಹುಟ್ಟುವಲ್ಲಿಯೇ ಮೊದಲು ಇಳಿಯಬೇಕು. ಅದರಿಂದ ಲಾಭ ಉಂಡವರೇ ಸೋಸುವ ಖರ್ಚನ್ನೂ ಹೊರಬೇಕು. ಜನರ ಹಣ ಬಿದ್ದಲ್ಲೆಲ್ಲ ಲೆಕ್ಕದ ಪುಸ್ತಕ ಜನರ ಮುಂದೆ ತೆರೆದಿರಬೇಕು.