ಎಷ್ಟಕ್ಕೆ ಎಷ್ಟು?

ರಾತ್ರಿ ಹತ್ತೂಮುಕ್ಕಾಲು. ಅಡುಗೆಮನೆ ಒರೆಸಿ, ಬೆಳಗ್ಗೆಗೆ ಕಡಲೆಕಾಳು ನೆನೆಹಾಕಿ, ಇನ್ನೇನು ಮಲಗಬೇಕು ಅನ್ನುವಾಗ ಫೋನ್ ಸದ್ದು ಮಾಡಿತು. ಐದನೇ ಸೆಮಿಸ್ಟರಿನ ಒಬ್ಬ ಹುಡುಗ ಎರಡು ಸ್ಕ್ರೀನ್‌ಶಾಟ್ ಕಳಿಸಿದ್ದ. ಮೊದಲನೆಯದರಲ್ಲಿ ಅವನ ಕೋರ್ಸ್ ಟೋಟಲ್ ಶೇ 90. ಎರಡನೆಯದರಲ್ಲಿ ಶೇ 36. ಕೆಳಗೆ ಒಂದು ಸಾಲು: ‘ಮೇಡಂ, ಮಧ್ಯಾಹ್ನ 90 ಇತ್ತು, ಈಗ ಹೀಗೆ ತೋರಿಸ್ತಿದೆ. ಏನೋ ಎರರ್ ಆಗಿರ್ಬೇಕು, ಸ್ವಲ್ಪ ನೋಡ್ತೀರಾ?’

ಎರರ್ ಆಗಿದ್ದು ನಿಜ. ಆದರೆ ಅದು ಕಂಪ್ಯೂಟರಿನದಲ್ಲ, ನನ್ನದು. ಅದೂ ಆವತ್ತಿನದಲ್ಲ, ಸೆಮಿಸ್ಟರ್ ಶುರುವಾದ ದಿನದ್ದು.

ನಾನು ಪಾಠ ಮಾಡುವುದು ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ. ನಮ್ಮಲ್ಲಿ ಅಸೈನ್‌ಮೆಂಟು, ಟೆಸ್ಟು, ಅಂಕ ಎಲ್ಲ ನಡೆಯುವುದು ಮೂಡಲ್‌ನಲ್ಲಿ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮಾರ್ಟಿನ್ ಡೂಗಿಯಾಮಸ್ ಶುರು ಮಾಡಿದ, 2002ರಲ್ಲಿ ಮೊದಲ ಆವೃತ್ತಿ ಹೊರಬಂದ ಉಚಿತ ತಂತ್ರಾಂಶ ಇದು. ಲೈಸೆನ್ಸಿಗೆ ದುಡ್ಡು ಕೊಡಬೇಕಿಲ್ಲ, ಕಾಲೇಜಿನ ಸರ್ವರಿನಲ್ಲೇ ಇಟ್ಟುಕೊಳ್ಳಬಹುದು.

ಅದರೊಳಗಿನ ಗ್ರೇಡ್‌ಬುಕ್ ಅಂದರೆ ಹಳೇ ಅಂಕಪಟ್ಟಿಯೇ. ಎಡಗಡೆ ಉದ್ದಕ್ಕೆ ಮಕ್ಕಳ ಹೆಸರು, ಮೇಲುಗಡೆ ಅಡ್ಡಕ್ಕೆ ಅಸೈನ್‌ಮೆಂಟು, ಟೆಸ್ಟು. ನಡುವೆ ಚೌಕಾಬಾರದ ಹಾಗೆ ಮನೆಗಳು. ಅಂಕ ಹಾಕಿದರೆ ಮನೆ ತುಂಬುತ್ತದೆ. ಹಾಕದಿದ್ದರೆ ಅಲ್ಲೊಂದು ಪುಟ್ಟ ಗೀಟು ಕೂತಿರುತ್ತದೆ. ಆ ಗೀಟೇ ಈ ಕಥೆಯ ಖಳನಾಯಕ.

ನಮ್ಮ ಲೆಕ್ಕ ಸರಳ. ಇಂಟರ್ನಲ್ಸ್ ಒಟ್ಟು 50. ತಲಾ 15ರ ಎರಡು ಟೆಸ್ಟು, ತಲಾ 5ರ ನಾಲ್ಕು ಅಸೈನ್‌ಮೆಂಟು. 50ಕ್ಕೆ 20 ಬಾರದಿದ್ದರೆ ಸೆಮಿಸ್ಟರ್ ಪರೀಕ್ಷೆಗೆ ಕೂರುವ ಹಾಗಿಲ್ಲ.

ಹುಡುಗ ಮೊದಲ ಟೆಸ್ಟಿನಲ್ಲಿ 13 ತೆಗೆದಿದ್ದ. ಮೊದಲ ಅಸೈನ್‌ಮೆಂಟಿಗೆ 5ಕ್ಕೆ 5. ಎರಡೂ ಸೇರಿ 20ಕ್ಕೆ 18. ಅಂದರೆ ಶೇ 90. ಅಲ್ಲಿಂದ ಮುಂದೆ ಮಹರಾಯ ಒಂದು ಅಸೈನ್‌ಮೆಂಟೂ ಕೊಡಲಿಲ್ಲ. ಎರಡನೇ ಟೆಸ್ಟಿನ ಹೊತ್ತಿಗೆ ಅಕ್ಕನ ಮದುವೆ ಅಂತ ಊರಿಗೆ ಹೋದ. ಅಷ್ಟಾದರೂ ಫೋನ್ ತೆಗೆದಾಗಲೆಲ್ಲ ಅದೇ 90 ಕಾಣುತ್ತಿತ್ತು. ಯಾಕೆಂದರೆ ಖಾಲಿ ಮನೆಗಳನ್ನು ಮೂಡಲ್ ಲೆಕ್ಕಕ್ಕೇ ಹಿಡಿದಿರಲಿಲ್ಲ.

‘ಎಕ್ಸ್‌ಕ್ಲೂಡ್ ಎಂಪ್ಟಿ ಗ್ರೇಡ್ಸ್’ ಅಂತ ಒಂದು ಸೆಟ್ಟಿಂಗ್ ಇದೆ. ಅದಕ್ಕೆ ಟಿಕ್ ಇದ್ದರೆ, ತುಂಬಿದ ಮನೆಗಳನ್ನಷ್ಟೇ ಕೂಡಿಸಿ ಅಷ್ಟಕ್ಕೇ ಶೇಕಡಾ ಹಾಕುತ್ತದೆ. ಟಿಕ್ ತೆಗೆದರೆ, ಖಾಲಿ ಮನೆ ಅಂದರೆ ಸೊನ್ನೆ. ನಾನು ಸೆಮಿಸ್ಟರ್ ಶುರುವಿನಲ್ಲಿ ಆ ಟಿಕ್ಕನ್ನು ನೋಡಿಯೂ ಇರಲಿಲ್ಲ. ಅಂಕ ಅಪ್‌ಲೋಡ್ ಮಾಡುವ ಹಿಂದಿನ ಸಂಜೆ ನೋಡಿದೆ, ತೆಗೆದೆ. 20ಕ್ಕೆ 18 ಇದ್ದದ್ದು 50ಕ್ಕೆ 18 ಆಯಿತು. 90 ಹೋಗಿ 36. ಪರೀಕ್ಷೆಗೆ ಎರಡು ಅಂಕ ಕಮ್ಮಿ.

‘ಅಸೈನ್‌ಮೆಂಟ್ ಕೊಡದಿದ್ರೆ ಅಂಕ ಬರಲ್ಲ ಅಂತ ಗೊತ್ತಾಗಲ್ವೇನೋ?’ ಅಂತ ಮರುದಿನ ಗದರಿಸಿಯೇ ಕೇಳಿದೆ.

‘ಗೀಟು ಇತ್ತಲ್ಲ ಮೇಡಂ. ಲೇಟಾದ್ರೆ ತಗೊಳ್ತೀರೇನೋ ಅನ್ಕೊಂಡೆ. ಹೆಂಗೂ 90 ಇತ್ತು…’

ಅವನ ಸೋಮಾರಿತನಕ್ಕೆ ನಾನು ವಕಾಲತ್ತು ಹಾಕುವುದಿಲ್ಲ. ಆದರೆ ಹತ್ತು ವಾರ ‘ನೀನು ಸೇಫ್’ ಅಂತ ಅವನಿಗೆ ಹೇಳುತ್ತಿದ್ದದ್ದು ನನ್ನ ಹೆಸರಿನ ಕೋರ್ಸೇ ತಾನೆ? ಮಾತು ಮುಂದೆ ಹೊರಡಲಿಲ್ಲ.

ಅಷ್ಟರಲ್ಲಿ ಸ್ಟಾಫ್ ರೂಮಿನ ಬಾಗಿಲಲ್ಲಿ ಇನ್ನೊಬ್ಬಳು. ಮೊದಲ ಬೆಂಚಿನ ಹುಡುಗಿ. ನಾಲ್ಕೂ ಅಸೈನ್‌ಮೆಂಟು ಟೈಮಿಗೆ ಕೊಟ್ಟವಳು. ಟೆಸ್ಟಿನಲ್ಲಿ 10 ಮತ್ತು 11, ಅಸೈನ್‌ಮೆಂಟಿಗೆ 15. ಒಟ್ಟು 50ಕ್ಕೆ 36, ಅಂದರೆ ಶೇ 72. ಅವಳಿಗೆ ದೂರೇನೂ ಇರಲಿಲ್ಲ. ‘ಮೇಡಂ, ಎಲ್ರಿಗೂ ಎಂಬತ್ತು ತೊಂಬತ್ತು ಇತ್ತು, ನಂಗೊಬ್ಳಿಗೇ ಎಪ್ಪತ್ತರ ಹತ್ರ. ಈ ಸಬ್ಜೆಕ್ಟೇ ನಂಗೆ ಆಗಲ್ಲ ಅನ್ಕೊಂಡು ಮುಂದಿನ ಸೆಮ್‌ಗೆ ಬೇರೆ ಎಲೆಕ್ಟಿವ್ ತಗೊಂಡ್ಬಿಟ್ಟೆ,’ ಅಂದಳು.

ಆ ಹುಡುಗನ 36ಕ್ಕಿಂತ ನನಗೆ ಹೆಚ್ಚು ನೋವಾಗಿದ್ದು ಇದಕ್ಕೆ. ಕೊಡದವನಿಗೆ 90 ತೋರಿಸಿದ ಅದೇ ಪಟ್ಟಿ, ಒಂದೂ ಬಿಡದೆ ಕೊಟ್ಟವಳಿಗೆ ‘ನೀನು ಹಿಂದೆ’ ಅಂತ ಹೇಳಿತ್ತು. ಕೆಲಸ ಮಾಡಿದವರ ಮನೆ ಮಾತ್ರ ತುಂಬಿರುತ್ತದೆ. ತುಂಬಿದ ಮನೆಯಲ್ಲಿ ತಾನೆ ಅಂಕ ಕಳೆಯೋಕೆ ಆಗುವುದು?

ಹಾಗಾದರೆ ಟಿಕ್ ತೆಗೆದುಬಿಟ್ಟರೆ ಮುಗಿಯಿತಾ? ಅದೂ ಇಲ್ಲ. ಅದೇ ಕ್ಲಾಸಿನಲ್ಲಿ ಒಬ್ಬ ಎನ್‌ಸಿಸಿ ಕ್ಯಾಂಪಿಗೆ ಹೋಗಿದ್ದ. ಮೂರನೇ ಅಸೈನ್‌ಮೆಂಟು ಬೇಡ ಅಂತ ನಾನೇ ಒಪ್ಪಿದ್ದೆ. ಟಿಕ್ ತೆಗೆದ ಕೂಡಲೇ ಅವನಿಗೂ ಸೊನ್ನೆ ಬಿದ್ದಿತ್ತು! ಪಾಪ, ಕೇಳೋಕೂ ಬಂದಿರಲಿಲ್ಲ. ನಾನೇ ಸಾಲು ಸಾಲಾಗಿ ನೋಡುವಾಗ ಕಣ್ಣಿಗೆ ಬಿತ್ತು.

ಆಗ ಹೊಳೆದದ್ದು ಇಷ್ಟು. ಒಂದು ಗೀಟಿಗೆ ಮೂರು ಅರ್ಥ. ‘ಹುಡುಗ ಕೊಟ್ಟಿಲ್ಲ.’ ‘ಕೊಟ್ಟಿದ್ದಾನೆ, ಮೇಡಂ ಇನ್ನೂ ನೋಡಿಲ್ಲ.’ ‘ಇವನು ಕೊಡಬೇಕಾಗಿಯೇ ಇಲ್ಲ.’ ಮೂರಕ್ಕೂ ಕಂಪ್ಯೂಟರ್ ಒಂದೇ ಗೀಟು ಎಳೆಯುತ್ತದೆ. ಯಾವುದು ಯಾವುದು ಅಂತ ಹೇಳಬೇಕಾದವರು ನಾವು. ಹೇಳದೆ ಸುಮ್ಮನಿದ್ದರೆ ಸೆಟ್ಟಿಂಗೇ ನಮ್ಮ ಪರವಾಗಿ ತೀರ್ಮಾನ ಮಾಡಿಬಿಡುತ್ತದೆ. ಅದಕ್ಕೆ ಅಕ್ಕನ ಮದುವೆಯೂ ಗೊತ್ತಿಲ್ಲ, ಎನ್‌ಸಿಸಿ ಕ್ಯಾಂಪೂ ಗೊತ್ತಿಲ್ಲ.

ನಮ್ಮ ಎಚ್‌ಒಡಿ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಸಿಕೊಳ್ಳೋಕೆ ಸಿದ್ಧಳಾಗಿಯೇ ಹೋಗಿದ್ದೆ. ಅವರು ಕೇಳಿದ್ದು ಒಂದೇ: ‘ಕ್ಲಾಸಿಗೆ ಹೇಳಿದೀರಾ?’ ಹೇಳಿರಲಿಲ್ಲ. ಮಧ್ಯಾಹ್ನ ಹೋಗಿ ಅರವತ್ತು ಜನರ ಮುಂದೆ ‘ನನ್ನಿಂದ ತಪ್ಪಾಗಿದೆ, ನೀವು ಇಷ್ಟು ದಿನ ನೋಡಿದ ಪರ್ಸೆಂಟೇಜ್ ಪೂರ್ತಿ ಲೆಕ್ಕ ಅಲ್ಲ’ ಅಂದೆ. ಎರಡನೇ ಟೆಸ್ಟನ್ನು ಬೇಕಾದವರು ಇನ್ನೊಮ್ಮೆ ಬರೆಯಬಹುದು, ಎರಡರಲ್ಲಿ ಹೆಚ್ಚಿನದು ನಿಲ್ಲುತ್ತದೆ ಅಂತ ಎಲ್ಲರಿಗೂ ಅವಕಾಶ ಕೊಟ್ಟೆವು. ಅಸೈನ್‌ಮೆಂಟಿನ ಬಾಗಿಲು ಮಾತ್ರ ಮತ್ತೆ ತೆರೆಯಲಿಲ್ಲ. ತೆರೆದರೆ ಆ ಮೊದಲ ಬೆಂಚಿನ ಹುಡುಗಿಗೆ ಎರಡನೇ ಸಲ ಅನ್ಯಾಯ ಮಾಡಿದ ಹಾಗೆ. ಹುಡುಗ 15ಕ್ಕೆ 6 ತೆಗೆದ. ಒಟ್ಟು 24. ಪರೀಕ್ಷೆಗೆ ಕೂತ.

ಎನ್‌ಸಿಸಿ ಹುಡುಗನಿಗೆ ದಾರಿ ಸುಲಭವಿತ್ತು. ಅವನ ಆ ಒಂದು ಮನೆಯನ್ನು ತೆರೆದು ‘ಎಕ್ಸ್‌ಕ್ಲೂಡೆಡ್’ ಅಂತ ಗುರುತು ಹಾಕಿದರೆ, ಅವನೊಬ್ಬನ ಲೆಕ್ಕ ಮಾತ್ರ ಉಳಿದ 45ಕ್ಕೆ ನಡೆಯುತ್ತದೆ. ಆಮೇಲೆ 50ಕ್ಕೆ ಏರಿಸಿಕೊಂಡರೆ ಆಯಿತು.

ಈ ಸೆಮಿಸ್ಟರಿನಿಂದ ನಾನು ಪಾಲಿಸುತ್ತಿರುವ ಕೆಲವು ಪದ್ಧತಿ ಹೇಳುತ್ತೇನೆ. ಕಾಲೇಜು, ಕೋಚಿಂಗ್, ಆಫೀಸಿನ ಟ್ರೈನಿಂಗ್ — ಎಲ್ಲಿ ಅಂಕ ಹಾಕುವವರಿಗೂ ಉಪಯೋಗಕ್ಕೆ ಬಂದೀತು.

ಒಂದು, ಗಡುವು ಮುಗಿದ ಮರುದಿನ ಖಾಲಿ ಮನೆಗಳನ್ನು ತುಂಬುವುದು. ಕೊಡದವರಿಗೆ ಕೈಯಾರೆ ಸೊನ್ನೆ, ಜೊತೆಗೆ ಫೀಡ್‌ಬ್ಯಾಕಿನಲ್ಲಿ ‘ಸಲ್ಲಿಸಿಲ್ಲ’ ಅಂತ ಒಂದು ಮಾತು. ಸೊನ್ನೆ ನೋಡಿದ ದಿನವೇ ಓಡಿ ಬರುತ್ತಾರೆ. ಗೀಟು ನೋಡಿ ಯಾರೂ ಓಡಿ ಬರುವುದಿಲ್ಲ.

ಎರಡು, ಆ ಸೊನ್ನೆಯನ್ನಾಗಲಿ ಬೇರೆ ಅಂಕವನ್ನಾಗಲಿ ಅಸೈನ್‌ಮೆಂಟಿನ ಒಳಗೆ ಹೋಗಿಯೇ ಹಾಕುವುದು. ಪಟ್ಟಿಯ ಮನೆಯಲ್ಲೇ ನೇರವಾಗಿ ಟೈಪ್ ಮಾಡಿದರೆ ಮೂಡಲ್ ಅದನ್ನು ‘ಓವರ್‌ರೈಡ್’ ಅಂತ ಹಿಡಿದುಕೊಳ್ಳುತ್ತದೆ. ಆಮೇಲೆ ಅಸೈನ್‌ಮೆಂಟಿನಲ್ಲಿ 3 ಇದ್ದದ್ದನ್ನು 4 ಮಾಡಿದರೂ ಪಟ್ಟಿಯಲ್ಲಿ 3 ಕದಲುವುದಿಲ್ಲ. ‘ಸರಿ ಮಾಡಿದೀನಿ ಹೋಗೋ’ ಅಂತ ಹೇಳಿ ಕಳಿಸಿದ ಹುಡುಗ ಮೂರನೇ ಸಲ ವಾಪಸ್ ಬಂದಾಗ ಇದು ನನಗೆ ಗೊತ್ತಾಗಿದ್ದು.

ಮೂರು, ಎಕ್ಸೆಲ್‌ನಿಂದ ಅಂಕ ತುಂಬುವಾಗ ಹೆಸರನ್ನು ನಂಬಬಾರದು. ಒಂದೇ ಕ್ಲಾಸಿನಲ್ಲಿ ಒಂದೇ ಹೆಸರಿನವರು ಮೂರು ಜನ ಇರುತ್ತಾರೆ. ರೋಲ್ ನಂಬರು ಅಥವಾ ಇಮೇಲ್‌ನಿಂದಲೇ ಜೋಡಿಸಬೇಕು. ಎಕ್ಸೆಲ್‌ನಲ್ಲಿ ಒಂದೇ ಕಾಲಂ ಸಾರ್ಟ್ ಮಾಡಿಬಿಟ್ಟರಂತೂ ಇವರ ಅಂಕ ಅವರಿಗೆ, ಅವರ ಅಂಕ ಇನ್ಯಾರಿಗೋ. ತುಂಬಿದ ಮೇಲೆ ಮೇಲಿನ, ನಡುವಿನ, ಕೊನೆಯ ಒಬ್ಬೊಬ್ಬರದು ಉತ್ತರ ಪತ್ರಿಕೆ ಜೊತೆ ತಾಳೆ ನೋಡುತ್ತೇನೆ.

ನಾಲ್ಕು, ಅಂಕ ಇನ್ನೂ ಪಕ್ಕಾ ಆಗದಿದ್ದರೆ ಮುಚ್ಚಿಡುವುದು. ಆ ಮನೆ ಮುಚ್ಚಿದರೆ ಸಾಲದು, ಟೋಟಲ್ ಕೂಡ ನೋಡಬೇಕು. ಮುಚ್ಚಿದ ಅಂಕ ಟೋಟಲಿನಲ್ಲಿ ಸೇರಿದ್ದರೆ, ಮಕ್ಕಳು ಕೂಡಿ ಕಳೆದು ಐದು ನಿಮಿಷದಲ್ಲಿ ಪತ್ತೆ ಮಾಡುತ್ತಾರೆ.

ಐದು, ವಾರಕ್ಕೊಮ್ಮೆ ಒಬ್ಬ ವಿದ್ಯಾರ್ಥಿಯ ರಿಪೋರ್ಟ್ ತೆರೆದು, ಅವರಿಗೆ ಹೇಗೆ ಕಾಣುತ್ತದೋ ಹಾಗೇ ನೋಡುವುದು. ನನ್ನ ಪರದೆಯಲ್ಲಿ ಅರವತ್ತು ಸಾಲು. ಅವರ ಫೋನಿನಲ್ಲಿ ಒಂದೇ ಸಾಲು, ಒಂದೇ ಟೋಟಲ್. ಅವರು ನಂಬುವುದು ಅದನ್ನೇ.

ಇನ್ನು, ಕಲಿಯುವ ಕಡೆ ಇರುವವರಿಗೆ. ಆಫೀಸ್ ಮುಗಿಸಿ ರಾತ್ರಿ ಆನ್‌ಲೈನ್ ಕೋರ್ಸ್ ಮಾಡುವವರು ನಿಮ್ಮಲ್ಲಿ ತುಂಬ ಜನ ಇದ್ದೀರಿ. ಎನ್‌ಪಿಟಿಇಎಲ್ ಕೋರ್ಸ್ ತೆಗೆದುಕೊಂಡಿದ್ದರೆ ಗೊತ್ತಿರುತ್ತದೆ, ಸಾಮಾನ್ಯವಾಗಿ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. 12 ವಾರದ ಕೋರ್ಸಾದರೆ 12 ಅಸೈನ್‌ಮೆಂಟಿನಲ್ಲಿ ಚೆನ್ನಾಗಿ ಮಾಡಿದ 8 ಮಾತ್ರ ಲೆಕ್ಕಕ್ಕೆ. ಸರ್ಟಿಫಿಕೇಟ್ ಬೇಕೆಂದರೆ 25ಕ್ಕೆ 10, 75ಕ್ಕೆ 30, ಎರಡೂ ದಾಟಬೇಕು. ನಾಲ್ಕು ವಾರ ತಪ್ಪಿದರೂ ಪರವಾಗಿಲ್ಲ, ಐದನೆಯದು ತಪ್ಪಿದರೆ ಪೆಟ್ಟು ಅಂತ ಮೊದಲ ದಿನವೇ ಗೊತ್ತು. ಖಾಲಿ ಮನೆಗೆ ಏನು ಬೆಲೆ ಅನ್ನುವುದನ್ನು ಆಟ ಶುರುವಾಗುವ ಮೊದಲೇ ಹೇಳುವುದು ಅಂದರೆ ಇದೇ. ನಿಮ್ಮ ಕೋರ್ಸಿನಲ್ಲಿ ಹೇಳಿಲ್ಲವಾದರೆ ಕೇಳಿ. ಪರದೆ ಮೇಲಿನ ಶೇಕಡಾ ಇದುವರೆಗಿನದ್ದೋ, ಪೂರ್ತಿಯದ್ದೋ ಅಂತ ಕೇಳಿ.

ನಮ್ಮಪ್ಪ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದವರು. ಈ ಕಥೆಯನ್ನೆಲ್ಲ ಫೋನಿನಲ್ಲಿ ಹೇಳಿದಾಗ ನಕ್ಕರು. ಅವರ ಅಂಕದ ಪುಸ್ತಕದಲ್ಲಿ ಖಾಲಿ ಮನೆಯೇ ಇರುತ್ತಿರಲಿಲ್ಲವಂತೆ. ಬರದ ಮಕ್ಕಳ ಮುಂದೆ ಕೆಂಪು ಇಂಕಿನಲ್ಲಿ ‘ಗೈ.ಹಾ.’ ಅಂತ ಬರೆದು, ಸಂಜೆ ಆ ಮಗುವಿನ ಮನೆ ಹಾದಿಯಲ್ಲೇ ಸೈಕಲ್ ತಿರುಗಿಸುತ್ತಿದ್ದರಂತೆ, ಯಾಕೆ ಬರಲಿಲ್ಲ ಅಂತ ಕೇಳೋಕೆ.

ನಾನು ಚಿಕ್ಕವಳಿದ್ದಾಗ ಟೆಸ್ಟ್ ಪೇಪರ್ ಹಿಡಿದು ‘ಅಪ್ಪಾ, ಹದಿನೆಂಟು!’ ಅಂತ ಓಡಿ ಬರುತ್ತಿದ್ದೆ. ಅವರು ತಲೆ ಎತ್ತದೆ ಕೇಳುತ್ತಿದ್ದರು: ‘ಎಷ್ಟಕ್ಕಮ್ಮ?’

ಆಗ ಸಿಟ್ಟು ಬರುತ್ತಿತ್ತು. ಈಗ ಪ್ರತಿ ಸೋಮವಾರ ಬೆಳಗ್ಗೆ ಗ್ರೇಡ್‌ಬುಕ್ ತೆರೆದಾಗ ನಾನು ಮೊದಲು ಕೇಳಿಕೊಳ್ಳುವುದು ಅದನ್ನೇ.