ಧಕ್ಕೆಯಲ್ಲೇ ದೋಣಿಗೆ ಧಕ್ಕೆ

ಮಂಗಳೂರು ಸೀಮೆಯಲ್ಲಿ ದೋಣಿ ಕಟ್ಟುವ ಕಟ್ಟೆಗೆ ‘ಧಕ್ಕೆ’ ಎನ್ನುತ್ತಾರೆ. ಕನ್ನಡ ನಾಡಿನ ಉಳಿದೆಡೆ ಅದೇ ಮಾತಿಗೆ ಪೆಟ್ಟು, ಹಾನಿ ಎಂದು ಅರ್ಥ. ಈ ಎರಡು ಅರ್ಥಗಳೂ ಒಂದೇ ಜಾಗದಲ್ಲಿ ಕೂಡಿಕೊಳ್ಳುವುದನ್ನು ನಾನು ಹಲವು ಮಳೆಗಾಲಗಳಲ್ಲಿ ಕಂಡಿದ್ದೇನೆ. ಕಡಲಿನ ಅಬ್ಬರವನ್ನು ಗೆದ್ದು ಬಂದ ಬೋಟು ಬಂದರಿನೊಳಗೆ, ಹಗ್ಗ ಕಟ್ಟಿ ನಿಂತಲ್ಲೇ ಒಡೆದುಹೋಗುತ್ತದೆ.

ಒಂದು ಜುಲೈ ತಿಂಗಳ ಬೆಳಿಗ್ಗೆ ಪರಿಚಿತರೊಬ್ಬರ ಮರದ ಬೋಟು ಅರ್ಧ ಮುಳುಗಿ ನಿಂತದ್ದನ್ನು ನೋಡಿದೆ. ರಾತ್ರಿಯ ಮಳೆಗೆ ನದಿಯಲ್ಲಿ ನೆರೆ ಬಂದಿತ್ತು. ಸವೆದ ಹಗ್ಗವೊಂದು ತುಂಡಾಗಿ, ಪಕ್ಕದ ಉಕ್ಕಿನ ಬೋಟು ಗಂಟೆಗಟ್ಟಲೆ ಗುದ್ದಿ ಹಲಗೆಯನ್ನು ಸೀಳಿತ್ತು. ಎಂಜಿನ್ನು ನೀರಿನಲ್ಲಿತ್ತು. ‘ಸಮುದ್ರದಲ್ಲಿ ಹೋಗಿದ್ದರೆ ಹೋಯಿತು ಎನ್ನಬಹುದಿತ್ತು ಮಾರಾಯ್ರೆ, ಇದು ಅಂಗಳದಲ್ಲೇ ಹೋಯಿತಲ್ಲ’ ಎಂದರು ಅವರು. ಹೊಸ ಹಗ್ಗಕ್ಕೆ ಬೇಕಾಗಿದ್ದುದು ಕೆಲವು ಸಾವಿರ ರೂಪಾಯಿ. ದುರಸ್ತಿಗೆ ತಗಲಿದ್ದು ಲಕ್ಷಗಳು. ಬ್ಯಾಂಕಿನ ಕಂತು ಮಾತ್ರ ಯಾರಿಗೂ ಕಾಯಲಿಲ್ಲ.

ಕಡಲಿನಲ್ಲಿ ಸಂಭವಿಸುವ ದುರಂತ ನಮ್ಮೆಲ್ಲರನ್ನೂ ತಟ್ಟುತ್ತದೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಏಳು ಮಂದಿ ಮೀನುಗಾರರೊಂದಿಗೆ ಕಣ್ಮರೆಯಾದಾಗ ಇಡೀ ರಾಜ್ಯ ಮರುಗಿತು. ಮರುಗಬೇಕಾದದ್ದೇ. ಆದರೆ ಬಂದರಿನೊಳಗೆ ಸದ್ದಿಲ್ಲದೆ ನಡೆಯುವ ನಾಶ ಸುದ್ದಿಯಾಗುವುದು ಅಪರೂಪ. ಆದರೂ ಅದು ವಿಧಿಬರಹವೆಂದು ಸುಮ್ಮನಿರುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಕಡಲನ್ನು ಹತೋಟಿಯಲ್ಲಿಡುವುದು ನಮ್ಮ ಕೈಯಲ್ಲಿಲ್ಲ. ಧಕ್ಕೆ ನಾವೇ ಕಟ್ಟಿದ್ದು.

ಮೂಲ ಸಮಸ್ಯೆ ಇಕ್ಕಟ್ಟು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದ ಅವಧಿಯಲ್ಲಿ ಯಾಂತ್ರೀಕೃತ ಬೋಟುಗಳೆಲ್ಲ ಏಕಕಾಲದಲ್ಲಿ ದಡಕ್ಕೆ ಬರುತ್ತವೆ. ಮಲ್ಪೆಯಲ್ಲಾಗಲಿ, ಮಂಗಳೂರಿನ ಹಳೆ ಬಂದರಿನಲ್ಲಾಗಲಿ ಅವು ಒಂದಕ್ಕೊಂದು ಅಂಟಿಕೊಂಡು ಸಾಲುಗಟ್ಟಿ ನಿಲ್ಲಬೇಕು. ದಡಕ್ಕೆ ಕಟ್ಟಿರುವುದು ಒಳಗಿನ ಬೋಟನ್ನು ಮಾತ್ರ; ಉಳಿದವೆಲ್ಲ ಅದರ ಆಸರೆಯಲ್ಲಿರುತ್ತವೆ. ಗಾಳಿ ಬೀಸಿದಾಗ, ನೆರೆ ಬಂದಾಗ ಇಡೀ ಸಾಲಿನ ಭಾರ ಬೀಳುವುದು ಎರಡು ಮೂರು ಹಗ್ಗಗಳ ಮೇಲೆ. ಒಂದು ಮುಳುಗಿದರೆ ಪಕ್ಕದ್ದನ್ನೂ ಎಳೆಯುತ್ತದೆ.

ಇನ್ನೊಂದು ಅಪಾಯ ಬೆಂಕಿಯದು. ಡೀಸೆಲ್, ನೈಲಾನ್ ಬಲೆ, ಫೈಬರ್ ಹೊದಿಕೆ, ಅಡುಗೆ ಅನಿಲ ಇಷ್ಟೂ ಒಂದೇ ಕಡೆ ಇರುವಲ್ಲಿ ಒಂದು ಕಿಡಿ ಸಾಕು. 2023ರ ನವೆಂಬರ್‌ನಲ್ಲಿ ಗಂಗೊಳ್ಳಿಯಲ್ಲಿ ನಿಲ್ಲಿಸಿದ್ದ ಹಲವು ಬೋಟುಗಳು ಬೆಂಕಿಗೆ ಆಹುತಿಯಾದದ್ದನ್ನು ಕರಾವಳಿ ಮರೆತಿಲ್ಲ. ಮರೆಯದಿದ್ದರೆ ಸಾಲದು, ಪಾಠ ಕಲಿಯಬೇಕು. ಬೋಟುಗಳ ಸಾಲುಗಳ ನಡುವೆ ತೆರವು ಇಲ್ಲದಿದ್ದರೆ, ಧಕ್ಕೆಯ ಮೇಲೆ ಪಂಪು ಮತ್ತು ಪೈಪು ಸದಾ ಸಿದ್ಧವಿಲ್ಲದಿದ್ದರೆ, ಅಗ್ನಿಶಾಮಕ ವಾಹನ ಬಂದು ನಿಂತರೂ ಪ್ರಯೋಜನವಿಲ್ಲ.

ಇಲ್ಲಿ ಬೋಟಿನ ಮಾಲೀಕರ ಹೊಣೆಯನ್ನೂ ಮರೆಮಾಚುವಂತಿಲ್ಲ. ನಮ್ಮ ಕರಾವಳಿಯಲ್ಲಿ ಭರತ ಇಳಿತಗಳ ಅಂತರ ಒಂದು ಮೀಟರಿಗೂ ಮಿಕ್ಕಿ ಇರುವುದುಂಟು. ಭರತದಲ್ಲಿ ಬಿಗಿದು ಕಟ್ಟಿದ ಬೋಟು ಇಳಿತದಲ್ಲಿ ಹಗ್ಗಕ್ಕೆ ತೂಗುಬೀಳುತ್ತದೆ. ಸಡಿಲ ಬಿಟ್ಟದ್ದು ಗೋಡೆಗೆ ಬಡಿಯುತ್ತದೆ. ಮುಂದಲೆಗೊಂದು, ಹಿಂದಲೆಗೊಂದು ಹಗ್ಗ ಕಟ್ಟಿದರೆ ಮುಗಿಯಲಿಲ್ಲ. ಬೋಟು ಹಿಂದೆ ಮುಂದೆ ಜಗ್ಗದಂತೆ ಓರೆಯಾಗಿ ಎರಡು ಹಗ್ಗ ಬೇಕು. ಹಗ್ಗ ಅಂಚಿಗೆ ಉಜ್ಜುವಲ್ಲಿ ಹಳೆಯ ರಬ್ಬರ್ ಪೈಪಿನ ತುಂಡು ತೊಡಿಸಬೇಕು. ಬಿಸಿಲಿಗೆ ಬೆಂಡಾದ ಪ್ಲಾಸ್ಟಿಕ್ ಹಗ್ಗವನ್ನು ಇನ್ನೊಂದು ವರ್ಷಕ್ಕೆಂದು ಉಳಿಸಬಾರದು. ಪಕ್ಕಗಳಲ್ಲಿ ತೂಗುಹಾಕುವ ಟೈರುಗಳು ಪಕ್ಕದ ಬೋಟು ತಾಗುವ ಎತ್ತರಕ್ಕೇ ಇರಬೇಕು. ಬ್ಯಾಟರಿಯ ಸಂಪರ್ಕ ತಪ್ಪಿಸಿ, ಅನಿಲದ ಸಿಲಿಂಡರನ್ನು ದಡಕ್ಕೆ ಸಾಗಿಸಬೇಕು. ತಂಡೇಲರಿಗೆ ಇದೆಲ್ಲ ತಿಳಿಯದ್ದಲ್ಲ. ಆದರೆ ನಿಷೇಧ ಶುರುವಾದೊಡನೆ ಕೆಲಸಗಾರರು ಊರಿಗೆ ಹೊರಟುಹೋಗುತ್ತಾರೆ. ಹಗ್ಗ ನೋಡುವವರೇ ಇರುವುದಿಲ್ಲ. ಒಂದು ಸಾಲಿನ ಮಾಲೀಕರೆಲ್ಲ ಸೇರಿ ರಾತ್ರಿ ಕಾವಲಿಗೆ ಒಬ್ಬಿಬ್ಬರನ್ನು ನೇಮಿಸಿಕೊಂಡರೆ ತಲಾ ಬೀಳುವ ಖರ್ಚು ಅಲ್ಪ.

ಆದರೆ ಹಗ್ಗ ಎಷ್ಟೇ ಗಟ್ಟಿಯಿದ್ದರೂ ಜಾಗವನ್ನು ಹಿಗ್ಗಿಸಲಾರದು. ‘ಬೋಟು ಹೆಚ್ಚಾಗಿವೆ, ನಾವೇನು ಮಾಡೋಣ’ ಎಂಬ ಮಾತನ್ನು ಅಧಿಕಾರಿಗಳ ಬಾಯಲ್ಲಿ ಕೇಳಿದ್ದೇನೆ. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಡಿ ಮೀನುಗಾರಿಕೆಗೆ ಪರವಾನಗಿ ಕೊಡುವುದು ಮೀನುಗಾರಿಕೆ ಇಲಾಖೆಯೇ ಅಲ್ಲವೇ? ಬೋಟಿನ ಲೆಕ್ಕ ಇಟ್ಟವರು ಅದು ನಿಲ್ಲುವ ಜಾಗದ ಲೆಕ್ಕವನ್ನೂ ಇಡಬೇಕು. ಪ್ರತಿ ಬಂದರಿನಲ್ಲಿ ಎಷ್ಟು ಬೋಟು ಸುರಕ್ಷಿತವಾಗಿ ನಿಲ್ಲಬಹುದೆಂಬುದನ್ನು ಮೇ ತಿಂಗಳೊಳಗೆ ಪ್ರಕಟಿಸಲಿ. ಮರದ ಬೋಟು, ಉಕ್ಕಿನ ಬೋಟುಗಳಿಗೆ ಪ್ರತ್ಯೇಕ ಸಾಲು ಗೊತ್ತುಮಾಡಲಿ. ಅಳಿವೆಯ ಹೂಳನ್ನು ಮಳೆಗೆ ಮುನ್ನ ತೆಗೆಸಲಿ. ಹೂಳು ತುಂಬಿದಷ್ಟೂ ಆಳವಿರುವ ಜಾಗ ಕುಗ್ಗುತ್ತದೆ, ಉಳಿದ ಜಾಗದಲ್ಲಿ ಒತ್ತಡ ಹೆಚ್ಚುತ್ತದೆ. ಇವುಗಳಲ್ಲಿ ಹೂಳೆತ್ತುವುದೊಂದನ್ನು ಬಿಟ್ಟರೆ ಉಳಿದದ್ದಕ್ಕೆ ದೊಡ್ಡ ಹಣ ಬೇಕಿಲ್ಲ.

ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳು ಹೆಚ್ಚುತ್ತಿವೆ ಎಂದು ಹವಾಮಾನ ತಜ್ಞರು ಎಚ್ಚರಿಸಿದ್ದಾರೆ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು. ಇಂಥ ಮುನ್ಸೂಚನೆ ಬಂದಾಗಲೆಲ್ಲ ‘ಬಂದರಿಗೆ ಮರಳಿ’ ಎಂದು ಸರ್ಕಾರ ಕೂಗಿ ಹೇಳುತ್ತದೆ. ಹಾಗೆ ಕರೆಯುವವರಿಗೆ, ಬಂದವರನ್ನು ಕಾಪಾಡುವ ಹೊಣೆಯೂ ಇದೆ. ಒಡೆದ ಮೇಲೆ ಪರಿಹಾರಕ್ಕಾಗಿ ಅರ್ಜಿ ಹಿಡಿದು ಅಲೆಯುವುದಕ್ಕಿಂತ ಒಡೆಯದಂತೆ ನೋಡಿಕೊಳ್ಳುವುದು ಅಗ್ಗ. ಮುಂದಿನ ಜೂನ್ ಬರುವುದರೊಳಗೆ ಬಂದರು ಎಂಬ ಮಾತಿಗೆ ಆಸರೆ ಎಂಬ ಅರ್ಥವನ್ನಾದರೂ ಉಳಿಸಿಕೊಡೋಣ.